ದೇವರ ಮೇಲೆ ಭಾರ

ನಮ್ಮ ಹೆಂಗಸರ ಮಾತಿನಲ್ಲಿ ಉಪ್ಪಿನಷ್ಟೇ ಧಾರಾಳವಾಗಿ ಬಳಕೆಯಾಗುವ ಒಂದು ಮಾತಿದೆ: 'ದೇವರ ಮೇಲೆ ಭಾರ ಹಾಕಿ.' ಮಗಳಿಗೆ ಗಂಡು ಗೊತ್ತಾಗುವುದು ತಡವಾದರೂ ಇದೇ ಮಾತು, ಮಗ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟರೂ ಇದೇ ಮಾತು, ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟು ರಿಪೋರ್ಟಿಗೆ ಮೂರು ದಿನ ಕಾಯಿರಿ ಎಂದರೂ ಇದೇ ಮಾತು. ಹೇಳುವವರಿಗೆ ಇದರಿಂದ ಖರ್ಚೇನೂ ಇಲ್ಲ. ಕೇಳಿಸಿಕೊಂಡವರು 'ಹೂಂ, ಇನ್ನೇನು ಮಾಡೋದು' ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗುತ್ತಾರೆ. ವರ್ಷಾನುಗಟ್ಟಲೆ ಪಾಠ ಮಾಡಿದ ಅಭ್ಯಾಸವೋ ಏನೋ, ಯಾವುದೇ ಮಾತು ತೀರ ಬಾಯಿಪಾಠವಾಗಿದೆ ಎಂದು ಕಂಡರೆ ಅದರ ಅರ್ಥ ಕೇಳಬೇಕೆನಿಸುತ್ತದೆ ನನಗೆ. ಭಾರ ಹಾಕುವುದೆಂದರೆ ಏನು? ಹಾಕಿದ ಮೇಲೆ ನಮ್ಮ ತಲೆಯ ಮೇಲೆ ಎಷ್ಟು ಉಳಿಯಿತು? ಹಾಕಿಯೂ ಆಗಬಾರದ್ದು ಆಗಿಹೋದರೆ ಆಮೇಲೇನು?

ಈ ಕೊನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಅಪಶಕುನ ಎನ್ನುತ್ತಾರೆ. ಆದರೆ 2020 ಮತ್ತು 2021ರಲ್ಲಿ ಅದನ್ನು ಕೇಳದೆ ಇರುವುದು ಸಾಧ್ಯವಾಗಲಿಲ್ಲ.

2020ರ ಯುಗಾದಿ ಮಾರ್ಚ್ 25ರಂದು ಬಂತು. ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನವೂ ಅದೇ. ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರು. ಹಬ್ಬದ ಬೆಳಿಗ್ಗೆ ಬೇವಿನ ಹೂವು ಕೇಳಲು ಮನೆಯಿಂದ ಮನೆಗೆ ಮಕ್ಕಳು ಓಡಾಡುವ ಬೀದಿಯಲ್ಲಿ ಅಂದು ನಾಯಿಯ ಸದ್ದು ಕೂಡ ಇಲ್ಲ. ಮೂಲೆಯ ಆಂಜನೇಯನ ಗುಡಿಯಲ್ಲಿ ಅರ್ಚಕರು ಒಬ್ಬರೇ ಹೋಗಿ ಮಂಗಳಾರತಿ ಮಾಡಿ ಬಾಗಿಲು ಹಾಕಿಕೊಂಡು ಬಂದರು. ನನಗೆ ತಿಳಿವಳಿಕೆ ಬಂದಾಗಿನಿಂದ ಹಬ್ಬದ ದಿನ ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಎದುರು ಮನೆಯ ಅಜ್ಜಿ ತಮ್ಮ ಜಗುಲಿಯಿಂದಲೇ ಕೂಗಿ ಹೇಳಿದರು: "ದೇವರಿಗೇ ಹೆದರಿಕೆಯಾದ ಮೇಲೆ ನಮ್ಮ ಗತಿ ಏನೇ ಟೀಚರಮ್ಮ?" ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಇಬ್ಬರೂ ಒಳಗೆ ಹೋಗಿ ಅಗುಳಿ ಹಾಕಿಕೊಂಡೆವು. ಮತ್ತೆ ಆ ಗುಡಿಯ ಬಾಗಿಲು ಭಕ್ತರಿಗೆ ತೆರೆದದ್ದು ಜೂನ್ 8ಕ್ಕೆ.

ನಡುವಿನ ಆ ದಿನಗಳಲ್ಲಿ ದೇವರ ಹೆಸರು ನಮ್ಮ ಬೀದಿಯಲ್ಲಿ ಕಡಿಮೆಯಾಗಿರಲಿಲ್ಲ, ಇನ್ನೂ ಹೆಚ್ಚಾಗಿತ್ತು. ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೀಪ ಹಚ್ಚಿದರು. ವಾಟ್ಸಾಪಿನಲ್ಲಿ ಶ್ಲೋಕ ಬಂತು, ಇಷ್ಟು ಜನಕ್ಕೆ ಕಳಿಸಿದರೆ ಮನೆಗೆ ಸೋಂಕು ಬರುವುದಿಲ್ಲ ಎಂಬ ಅಡಿಬರಹವೂ ಬಂತು. ಇದನ್ನೆಲ್ಲ ನಾನು ಹಾಸ್ಯ ಮಾಡುವುದಿಲ್ಲ. ಹೆದರಿದ ಜೀವ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ನನ್ನನ್ನು ಕಾಡಿದ್ದು ಬೇರೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಳು ಆಶಾ ಕಾರ್ಯಕರ್ತೆ ಬಾಡಿಗೆಗಿದ್ದಳು. ರಾಜ್ಯದಲ್ಲಿ ಅಂಥವರು ಸುಮಾರು 42 ಸಾವಿರ ಮಂದಿ. ಬೆಳಿಗ್ಗೆ ಎದ್ದು ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರು ಊರಿಂದ ಬಂದವರು ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳು ಬೀದಿ ನಲ್ಲಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹಿಂದೆ ಸರಿಯತೊಡಗಿದರು. ಬಾಡಿಗೆ ಮನೆಯವರು 'ಬೇರೆ ಕಡೆ ನೋಡಿಕೋ' ಎಂದರು. ಹಾಗೆಂದವರ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಶ್ರೀರಾಮರಕ್ಷೆ' ಎಂದು ಬರೆದಿತ್ತು.

ಆ ಹುಡುಗಿಯ ಬಾಯಲ್ಲಿ ನಾನು ದೇವರ ಹೆಸರು ಕೇಳಿದ್ದು ಕಡಿಮೆ. ಆದರೆ ಬಾಗಿಲು ಬಡಿಯುವವಳು ಅವಳೇ, ಬಾಗಿಲು ಹಾಕಿಕೊಂಡವರು ರಕ್ಷೆ ಬರೆಸಿಕೊಂಡವರು. ದೇವರು ನಮ್ಮನ್ನು ಕಾಪಾಡುತ್ತಾನೆ ಎಂದು ನಿಜವಾಗಿ ನಂಬಿದವರು ಇವರಿಬ್ಬರಲ್ಲಿ ಯಾರು? ನೀವೂ ಯೋಚಿಸಿ ನೋಡಿ.

ಇದು ಈ ಕಾಲದ ಜನರ ದೋಷ ಎಂದು ಹೇಳುವ ಹಾಗಿಲ್ಲ. ನಮ್ಮಜ್ಜಿ ಪ್ಲೇಗಿನ ಕತೆ ಹೇಳುತ್ತಿದ್ದರು. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಅಲ್ಲಿಂದ ಮುಂದೆ ಎಷ್ಟೋ ವರ್ಷ ಅದು ಮೈಸೂರು ಸೀಮೆಯ ಹಳ್ಳಿಗಳಿಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. 'ಇಲಿ ಬಿತ್ತು' ಎಂಬ ಸುದ್ದಿ ಬಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು, ಹಸು ಕರು ಒರಳು ಒನಕೆ ಎಲ್ಲ ಅಲ್ಲಿಗೇ. ಅಜ್ಜಿಯ ಊರಿನವರು ಊರು ಬಿಡುವ ಮುಂಚೆ ಮಾರಿಯನ್ನು ಗಡಿ ದಾಟಿಸುವ ಶಾಸ್ತ್ರ ಮಾಡುತ್ತಿದ್ದರಂತೆ. ತಮಟೆ ಬಡಿದು, ಎಡೆ ಇಟ್ಟು, 'ತಾಯಿ, ಇಲ್ಲಿಂದ ಹೊರಡು' ಎಂದು ಪಕ್ಕದೂರಿನ ಎಲ್ಲೆಗೆ ಬಿಟ್ಟು ಹಿಂದಿರುಗಿ ನೋಡದೆ ಬರುವುದು. ಪಕ್ಕದೂರಿನವರು ತಮ್ಮ ಪಾಡಿಗೆ ಮುಂದಿನೂರಿನ ಎಲ್ಲೆಗೆ ಸಾಗಿಸುವುದು. ಚಿಕ್ಕವಳಿದ್ದಾಗ ಕೇಳಿ ನನಗೆ ಮೈ ಜುಮ್ಮೆಂದಿತ್ತು. ಈಗ ಯೋಚಿಸಿದರೆ ನಾವು ಕೈ ಮುಗಿದು ನಿಂತಾಗ ಮಾಡುವ ಪ್ರಾರ್ಥನೆಯಲ್ಲಿ ಅರ್ಧಕ್ಕರ್ಧ ಈ ಗಡಿ ದಾಟಿಸುವ ಶಾಸ್ತ್ರವೇ ಎನಿಸುತ್ತದೆ. ನಮ್ಮ ಮನೆ ಬಿಟ್ಟು ಹೋಗಲಿ. ಎಲ್ಲಿಗೆ ಹೋಗಬೇಕು? ಅದನ್ನು ನಾವು ಹೇಳುವುದಿಲ್ಲ.

ಅಜ್ಜಿಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪ್ಲೇಗಿನ ಸೂಜಿ ಹಾಕುವವರು ಬಂದಾಗ ಊರಿನ ಗಂಡಸರು ಹೊಲದ ಬದು ಹಾರಿ ಓಡಿದರಂತೆ. ಅಜ್ಜಿ ಹೋಗಿ ತೋಳು ಕೊಟ್ಟು ಚುಚ್ಚಿಸಿಕೊಂಡರು, ಬರುವ ದಾರಿಯಲ್ಲಿ ಮಾರಮ್ಮನಿಗೆ ತೆಂಗಿನಕಾಯಿ ಒಡೆದರು. 2021ರ ಏಪ್ರಿಲ್ ತಿಂಗಳಲ್ಲಿ ನಾನು ಲಸಿಕೆಯ ಸಾಲಿನಲ್ಲಿ ನಿಂತಾಗ, 'ದೇವರ ಮೇಲೆ ನಂಬಿಕೆ ಇಲ್ಲವಾ ನಿಮಗೆ?' ಎಂದು ಪರಿಚಯದವರೊಬ್ಬರು ಕೇಳಿದರು. ಅಜ್ಜಿ ಇದ್ದಿದ್ದರೆ ಅವರಿಗೆ ಸರಿಯಾದ ಉತ್ತರ ಸಿಗುತ್ತಿತ್ತು.

ಹರಿಕಥೆಯ ದಾಸರು ದ್ರೌಪದಿಯ ಪ್ರಸಂಗ ಬಂದಾಗ ಒಂದು ಮಾತು ತಪ್ಪದೆ ಹೇಳುತ್ತಾರೆ. ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಎತ್ತಿ ಕೂಗಿದಷ್ಟು ಹೊತ್ತು ಕೃಷ್ಣ ಬರಲಿಲ್ಲ, ಸೆರಗು ಬಿಟ್ಟು ಎರಡೂ ಕೈ ಎತ್ತಿದಾಗ ಸೀರೆ ಅಕ್ಷಯವಾಯಿತು, ಪೂರ್ಣ ಶರಣಾಗತಿ ಎಂದರೆ ಅದು ಎಂದು. ಕೇಳಲು ಚೆನ್ನಾಗಿದೆ. ಆದರೆ ನನಗೆ ಈ ವಿವರಣೆ ಎಂದೂ ಒಪ್ಪಿಗೆಯಾಗಿಲ್ಲ. ಒಲೆಯ ಮೇಲೆ ಹಾಲಿಟ್ಟವಳು, ಮಂಚದಲ್ಲಿ ಮಲಗಿದ ಅತ್ತೆಗೆ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವಳು ಎರಡೂ ಕೈ ಎತ್ತುವುದು ಯಾವಾಗ? ಹೆಂಗಸಿನ ಒಂದು ಕೈಯಲ್ಲಿ ಯಾವಾಗಲೂ ಏನಾದರೊಂದು ಇದ್ದೇ ಇರುತ್ತದೆ. ಒಂದು ಕೈ ಎತ್ತಿದರೆ ಸಾಲದು ಎನ್ನುವ ದೇವರಾದರೆ ಅವನು ನಮ್ಮ ಅಡುಗೆಮನೆಯ ಕಡೆ ಬಂದವನೇ ಅಲ್ಲ.

ಮನಸ್ಸು ತಲ್ಲಣಿಸಬಾರದು ಎಂಬ ಕನಕದಾಸರ ಕೀರ್ತನೆ ನಿಮಗೆಲ್ಲ ಗೊತ್ತು. ಬೆಟ್ಟದ ತುದಿಯ ಮರ, ಕಲ್ಲಿನೊಳಗಿನ ಕಪ್ಪೆ ಬರುವ ಹಾಡು ಅದು. ಮಕ್ಕಳಿಗೆ ಕಲಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಆ ಹಾಡಿನಲ್ಲಿ ದಾಸರು ದೇವರನ್ನು ಏನೂ ಕೇಳುವುದಿಲ್ಲ. ಕಾಪಾಡು ಎಂದು ಬೇಡುವುದಿಲ್ಲ, ಹರಕೆ ಹೊರುವುದಿಲ್ಲ. ಮಾತಾಡುವುದೆಲ್ಲ ತಮ್ಮ ಮನಸ್ಸಿನ ಜೊತೆ. ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಾ ಓಡಾಡುವ ಹಾಗೆ ಮನಸ್ಸನ್ನು ತಟ್ಟುತ್ತಾರೆ. ಹೆದರಿಕೆ ಇಲ್ಲದವನಿಗೆ ಅಂಥ ಹಾಡು ಬರೆಯುವ ಅಗತ್ಯವೇ ಇರಲಿಲ್ಲವಲ್ಲ. ಇದನ್ನು ತಿಳಿದ ಮೇಲೆ, 'ನನಗೆ ಹೆದರಿಕೆಯಾಗುತ್ತೆ, ಹಾಗಾದರೆ ನನಗೆ ಭಕ್ತಿ ಸಾಲದು' ಎಂದು ಕೊರಗುವ ಹೆಂಗಸರನ್ನು ಕಂಡಾಗಲೆಲ್ಲ ಈ ಹಾಡನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ ಎನ್ನುತ್ತೇನೆ.

ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಂದು ಶುರುವಾಯಿತು. ರಾಜ್ಯದಾದ್ಯಂತ ಸುಮಾರು 8.48 ಲಕ್ಷ ಮಕ್ಕಳು. ಬೇಡ ಎಂದವರೂ ಇದ್ದರು, ಬೇಕು ಎಂದವರೂ ಇದ್ದರು, ಆ ಚರ್ಚೆ ಈಗ ಬೇಡ. ನನಗೆ ಕೊಠಡಿ ಮೇಲ್ವಿಚಾರಣೆಯ ಕೆಲಸ ಬಿತ್ತು. ಗೇಟಿನಲ್ಲಿ ಮಕ್ಕಳ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುವುದು, ಕೈಗೆ ಸ್ಯಾನಿಟೈಸರ್ ಹಾಕುವುದು, ಕೊಠಡಿಗೆ ಹದಿನೆಂಟು ಇಪ್ಪತ್ತು ಮಕ್ಕಳನ್ನು ದೂರದೂರ ಕೂರಿಸುವುದು. ಗೇಟಿನಾಚೆ ತಾಯಂದಿರು ನಿಂತಿದ್ದರು. ಎಷ್ಟೋ ಮಕ್ಕಳ ಹಣೆಯಲ್ಲಿ ಕುಂಕುಮ, ಕುಂಕುಮದ ಕೆಳಗೆ ಬಟ್ಟೆಯ ಮಾಸ್ಕ್. ಒಂದು ಮಗುವಿನ ಕೊರಳಲ್ಲಿ ದರ್ಗಾದಿಂದ ತಂದ ತಾಯತ, ಇನ್ನೊಂದರ ಕೈಯಲ್ಲಿ ಕೆಂಪು ದಾರ. ಆ ತಾಯಂದಿರು ತಮಗೆ ತಿಳಿದದ್ದನ್ನೆಲ್ಲ, ತಮಗೆ ಸಿಕ್ಕಿದ್ದನ್ನೆಲ್ಲ ಮಗುವಿಗೆ ಕಟ್ಟಿ ಕಳಿಸಿದ್ದರು.

ನನ್ನ ಕೊಠಡಿಯ ಮೊದಲ ಬೆಂಚಿನಲ್ಲಿ ಒಬ್ಬಳು ಹುಡುಗಿ. ಪ್ರಶ್ನೆಪತ್ರಿಕೆ ಕೊಡಲು ಇನ್ನೂ ಹತ್ತು ನಿಮಿಷವಿತ್ತು. ಕೈ ಬೆವರಿ ಪೆನ್ನು ಜಾರುತ್ತಿತ್ತು. "ಮೇಡಂ, ಏನೂ ಆಗಲ್ಲ ಅಲ್ವಾ?" ಎಂದಳು. ಅವಳು ಕೇಳಿದ್ದು ಪರೀಕ್ಷೆಯ ವಿಷಯವಲ್ಲ. ಅವಳ ಮನೆಯಲ್ಲಿ ಅಜ್ಜ ಇದ್ದರು, ಇವಳಿಂದ ಅವರಿಗೆ ಅಂಟಿದರೆ ಎಂಬ ಭಯ. ಏನೂ ಆಗುವುದಿಲ್ಲ ಎಂದು ಹೇಳುವ ಅಧಿಕಾರ ನನಗೆಲ್ಲಿತ್ತು? ಆದರೂ ಹದಿನೈದು ವರ್ಷದ ಮಗುವಿನ ಮುಂದೆ ಸುಮ್ಮನೆ ನಿಲ್ಲಲಾಗುತ್ತದೆಯೇ? "ಪರೀಕ್ಷೆ ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಮ್ಮ. ಮನೆಗೆ ಹೋಗಿ ಸ್ನಾನ ಮಾಡಿ ಆಮೇಲೆ ತಾತನ ಹತ್ತಿರ ಹೋಗು" ಎಂದೆ. ಅವಳು ಪೆನ್ನನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗೆ ಕೂತಳು.

ದೇವರಿಂದ ನಾವು ಕೇಳಬಹುದಾದ ಉತ್ತರವೂ ಇಷ್ಟೇ ಇರಬಹುದೇ ಎಂದು ಆಮೇಲೆ ಅನಿಸಿತು. 'ಏನೂ ಆಗುವುದಿಲ್ಲ' ಎಂಬ ಮಾತನ್ನು ಅವನು ಯಾರಿಗೂ ಕೊಟ್ಟ ಹಾಗೆ ಕಾಣುವುದಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರು ಮಾರುತಿಯ ಮುಂದೆ ಪ್ರಸಾದ ಕೇಳಿ ಕೂರುತ್ತಾರಲ್ಲ, ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಪ್ಲೇಗು ಬಂದಿದೆ, ಹೊತ್ತು ಇಳಿಯುತ್ತದೆ, ಹೂವು ಬಲಕ್ಕೂ ಬೀಳುವುದಿಲ್ಲ ಎಡಕ್ಕೂ ಬೀಳುವುದಿಲ್ಲ. ನಮ್ಮ ಮನೆಗಳಲ್ಲಿ ಹೂವು ಬೀಳದ ದಿನಗಳೇ ಹೆಚ್ಚು.

ಹಾಗಾದರೆ ಭಾರ ಹಾಕುವುದೆಲ್ಲಿಗೆ? ನೀವು ಹಳೆಯ ಕಾಲುದಾರಿಗಳಲ್ಲಿ ನೋಡಿರಬಹುದು, ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಅಡ್ಡ ಹಾಕಿರುತ್ತಾರೆ. ಹೊರೆ ಇಳಿಸುವ ಕಲ್ಲು. ಸೌದೆಯೋ ಹುಲ್ಲೋ ಸಂತೆಯ ಮೂಟೆಯೋ ತಲೆಯ ಮೇಲೆ ಹೊತ್ತು ಬರುವವರಿಗೆಂದು ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು. ತಲೆಯ ಮಟ್ಟಕ್ಕೇ ಇರುವುದರಿಂದ ಇಳಿಸಲೂ ಇನ್ನೊಬ್ಬರ ಕೈ ಬೇಡ, ಮತ್ತೆ ಹೊರಲೂ ಬೇಡ. ಆ ಕಲ್ಲು ಯಾರ ಹೊರೆಯನ್ನೂ ಮನೆಗೆ ಮುಟ್ಟಿಸಿಲ್ಲ. ಹೊರೆಯ ತೂಕವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿಲ್ಲ. ಆದರೂ ಎರಡು ಹರದಾರಿ ನಡೆದು ಕುತ್ತಿಗೆ ಸೆಟೆದವಳನ್ನು ಕೇಳಿದರೆ ಅದರ ಬೆಲೆ ಹೇಳುತ್ತಾಳೆ.

ಇಷ್ಟು ದೂರ ಬರೆದು ಈಗ ನಮ್ಮ ಮನೆಯ ವಿಷಯ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 2021ರ ಮೇ ತಿಂಗಳು, ಎರಡನೆಯ ಅಲೆ. ನನ್ನ ತಂಗಿಯ ಗಂಡನಿಗೆ ಸೋಂಕು ತಗುಲಿ ಉಸಿರಾಟ ಕಷ್ಟವಾಗಿ ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ಫೋನು ಬರುವುದು, ಅಷ್ಟೇ ಸುದ್ದಿ. ಸೇರಿಸಿದ ದಿನ ಸಂಜೆ ನನ್ನ ಅಮ್ಮ ಒಂದು ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಹನ್ನೊಂದು ರೂಪಾಯಿಯ ನಾಣ್ಯಗಳನ್ನಿಟ್ಟು ಧರ್ಮಸ್ಥಳದ ಮಂಜುನಾಥನಿಗೆ ಮುಡಿಪು ಕಟ್ಟಿದರು. ಅಳಿಯಂದಿರು ಮನೆಗೆ ಬಂದರೆ ಅವರನ್ನು ಕರೆದುಕೊಂಡು ಬಂದು ಒಪ್ಪಿಸುತ್ತೇನೆ ಎಂದು ಹೇಳಿಕೊಂಡು ದೇವರ ಗೂಡಿನಲ್ಲಿಟ್ಟರು. ಒಂಬತ್ತು ದಿನ. ಹತ್ತನೆಯ ದಿನ ಬೆಳಿಗ್ಗೆ ಬಂದ ಫೋನನ್ನು ನಾನೇ ತೆಗೆದೆ.

ಅವನು ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮಾಡದೆ ನೀರು ಕುಡಿಯುತ್ತಿರಲಿಲ್ಲ. ಕುಡಿತವಿಲ್ಲ, ಒಬ್ಬರ ಮನಸ್ಸು ನೋಯಿಸಿದವನಲ್ಲ. ತಂಗಿ ಹದಿಮೂರನೆಯ ದಿನ ಕಳೆದ ಮೇಲೆ ನನ್ನನ್ನು ಕೇಳಿದಳು: "ಅಕ್ಕ, ನಾವು ಕೇಳಿದ್ದರಲ್ಲಿ ಏನು ಕಡಿಮೆಯಾಯಿತು?" ನೋಡಲು ಬಂದವರು ಈ ಪ್ರಶ್ನೆಗೆ ಉತ್ತರ ತಂದೇ ಬಂದಿದ್ದರು. ಋಣ ತೀರಿತು ಎಂದರು ಒಬ್ಬರು. ಹಿಂದಿನ ಜನ್ಮದ್ದು ಎಂದರು ಮತ್ತೊಬ್ಬರು. ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದರು, ಹಾಗೆಂದವರಿಗೆ ಎಂಬತ್ತೆರಡು ವಯಸ್ಸು. ಇಂಥ ಮಾತುಗಳನ್ನು ಸಮಾಧಾನ ಎಂದು ಯಾರು ಕರೆದರೋ! ಇವು ದೇವರ ಪರವಾಗಿ ವಕಾಲತ್ತು, ನೊಂದವಳ ಪರವಾಗಿ ಒಂದಕ್ಷರವೂ ಅಲ್ಲ. ನಾನು ತಂಗಿಗೆ ಏನೂ ಹೇಳಲಿಲ್ಲ. ಆ ರಾತ್ರಿಯಿಂದ ಒಂದು ತಿಂಗಳು ಅವಳ ಪಕ್ಕದಲ್ಲಿ ಮಲಗಿದೆ. ಅವಳು ದೀಪ ಹಚ್ಚುವುದನ್ನು ಬಿಟ್ಟಳು. ಹಚ್ಚು ಎಂದು ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮುಡಿಪು ಗೂಡಿನಲ್ಲೇ ಇತ್ತು. ಗೂಡು ಒರೆಸುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಕೇಳಿದ್ದು ಆಗಲಿಲ್ಲವಲ್ಲ, ಈಗ ಅದನ್ನೇನು ಮಾಡುವುದು? ಬಂಧುಗಳಲ್ಲಿ ಹಿರಿಯರೊಬ್ಬರು, "ಫಲಿಸದ ಹರಕೆಗೆ ಋಣವಿಲ್ಲ, ಬಿಚ್ಚಿ ಯಾರಿಗಾದರೂ ದಾನ ಮಾಡಿ" ಎಂದರು. ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಅಮ್ಮ ಒಪ್ಪಲಿಲ್ಲ. ಕರೆದುಕೊಂಡು ಹೋಗಿ ಎಂದು ಹಠ ಹಿಡಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. "ಅವರೇ ಇಲ್ಲ, ಇನ್ನು ಒಪ್ಪಿಸೋದೇನಮ್ಮ?" ಎಂದೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆ ಹೇಳಿದರು: "ಆ ಒಂಬತ್ತು ದಿನ ರಾತ್ರಿ ನಾನು ಕಣ್ಣು ಮುಚ್ಚಿದ್ದು ಅದನ್ನು ಅಲ್ಲಿಟ್ಟಿದ್ದೀನಿ ಅಂತ. ಬೆಳಿಗ್ಗೆ ಎದ್ದು ಇವಳ ಮಕ್ಕಳಿಗೆ ಗಂಜಿ ಕಾಯಿಸಿದ್ದೂ ಅದರಿಂದಲೇ. ಅಷ್ಟು ದಿನ ಉಪಯೋಗಿಸಿಕೊಂಡು ಈಗ ಕೊಡಲ್ಲ ಅನ್ನೋಕಾಗುತ್ತಾ?"

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾನು ಬಿ.ಎ., ಬಿ.ಎಡ್. ಮಾಡಿಯೂ ಈ ಮಾತಿಗೆ ಸೇರಿಸಲು ನನ್ನ ಬಳಿ ಏನೂ ಇರಲಿಲ್ಲ.

2022ರಲ್ಲಿ ಮೂವರೂ ಹೋದೆವು. ತಂಗಿ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಅಮ್ಮನಿಗೆ ಘಾಟಿಯಲ್ಲಿ ತಲೆ ಸುತ್ತುತ್ತದೆ, ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ನೆಪ ಹೇಳಿಕೊಂಡು ಬಂದಳು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ದೇವಸ್ಥಾನದ ಸಾಲಿನಲ್ಲಿ ಹುಂಡಿಯ ಹತ್ತಿರ ಬಂದಾಗ ಅಮ್ಮ ಸೊಂಟದ ಚೀಲದಿಂದ ಮುಡಿಪು ತೆಗೆದು ಅವಳ ಕೈಗೆ ಕೊಟ್ಟರು. "ನನಗೆ ಕಣ್ಣು ಕಾಣಲ್ಲ, ನೀನೇ ಹಾಕು" ಎಂದರು. ಅಮ್ಮನ ಕಣ್ಣು ಅಷ್ಟೇನೂ ಕೆಟ್ಟಿರಲಿಲ್ಲ. ತಂಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಹಿಂದಿನವರು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ತಳ್ಳುತ್ತಿದ್ದರು. ಹಾಕಿದಳು. ಬಟ್ಟೆಯಲ್ಲಿ ಸುತ್ತಿದ್ದರಿಂದ ಸದ್ದಾಗಲಿಲ್ಲ.

ಹೊರಗೆ ಬಂದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಊಟದ ಸಾಲು ಉದ್ದವಿತ್ತು. ಅಮ್ಮನಿಗೆ ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲವೆಂದು ತಂಗಿ ಅವರನ್ನು ನೆರಳಿನಲ್ಲಿ ಒಂದು ಕಟ್ಟೆಯ ಮೇಲೆ ಕೂರಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು, ತಾನು ಹೋಗಿ ಸಾಲಿನಲ್ಲಿ ನಿಂತಳು.